ಮಧ್ಯಾಹ್ನದ ಸಿಡಿತ, ಸಂಜೆಯ ಸದ್ದು: ಕಲ್ಲುಕ್ವಾರಿಯ ಪಕ್ಕದ ಊರಿನಲ್ಲಿ ಕಂಪನಮಾಪಕಗಳ ಟ್ರಿಗರ್ ಹೊಂದಿಸಿದ ಪ್ರಕರಣ

ಕೋಲಾರ–ಚಿಕ್ಕಬಳ್ಳಾಪುರ ಸೀಮೆಯ ಒಂದು ಕಲ್ಲುಕ್ವಾರಿಯ ಸ್ಫೋಟಗಳಿಂದ ತಮ್ಮ ಮನೆಗಳ ಗೋಡೆ ಬಿರುಕು ಬಿಡುತ್ತಿದೆ, ಕಿಟಕಿಗಳು ಅದುರುತ್ತಿವೆ ಎಂದು ಪಕ್ಕದ ಊರಿನವರು ದೂರು ಕೊಟ್ಟಿದ್ದರು. ಅದರ ಮೇಲೆ ಆರು ವಾರ ನೆಲದ ಕಂಪನವನ್ನೂ ಗಾಳಿಯ ಒತ್ತಡವನ್ನೂ ಅಳೆದು ವರದಿ ಕೊಡುವ ಕೆಲಸ ನಮ್ಮ ಇಬ್ಬರ ತಂಡಕ್ಕೆ ಬಂತು. ವರದಿ ಸಲ್ಲಿಕೆಯಾಗಿ ಆ ಅಧ್ಯಾಯ ಮುಗಿದಿದೆ. ಮಾಪಕ ಯಾವಾಗ ಎಚ್ಚರಗೊಳ್ಳಬೇಕು, ಯಾವ ಷರತ್ತು ಪೂರೈಸಿದಾಗ ದಾಖಲಿಸಬೇಕು ಎಂಬ ನಿಯಮಗಳನ್ನು, ಅಂದರೆ ಟ್ರಿಗರನ್ನು, ಬರೆಯುವಲ್ಲಿ ನಾವು ಮಾಡಿದ ಎರಡು ತಪ್ಪುಗಳನ್ನು ಮಾತ್ರ ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ. ಇದೇ ಕೆಲಸ ಮಾಡುವವರಿಗೆ ವರದಿಯ ಅಂಕಿಗಳಿಗಿಂತ ಆ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂದು ನನಗನಿಸುತ್ತದೆ. ಕ್ವಾರಿಯ ಹೆಸರು, ಊರಿನ ಹೆಸರು ಇಲ್ಲಿ ಬೇಕಿಲ್ಲ.

ಕ್ವಾರಿಯಲ್ಲಿ ಸ್ಫೋಟ ನಡೆಯುವ ಮೆಟ್ಟಿಲಿನಿಂದ (ಬಂಡೆಯನ್ನು ಹಂತಹಂತವಾಗಿ ಕಡಿದ ಜಾಗ) ಊರಿನ ಮೊದಲ ಮನೆಗೆ ಅಳೆದರೆ 420 ಮೀಟರ್. ನಡುವೆ ಒಂದು ಒಣ ಹಳ್ಳ, ಅದರಾಚೆ ನೀಲಗಿರಿ ತೋಪು. ಅನುಮತಿಯ ಷರತ್ತಿನಂತೆ ಸ್ಫೋಟ ಮಧ್ಯಾಹ್ನ ಒಂದರಿಂದ ಎರಡರೊಳಗೆ, ವಾರಕ್ಕೆ ಎರಡು ಅಥವಾ ಮೂರು ಸಲ, ಮೂರು ಬಾರಿ ಸೈರನ್ ಕೂಗಿದ ಮೇಲೆ ನಡೆಯಬೇಕು. ಊರಿನವರ ಆತಂಕ ಇತ್ತೀಚಿನದಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿದಾಗ ದೂರದೂರದವರೂ ಭೂಕಂಪವೆಂದೇ ತಿಳಿದು ಮನೆಯಿಂದ ಹೊರಗೆ ಓಡಿ ಬಂದದ್ದನ್ನು ಎಲ್ಲರೂ ಕೇಳಿದ್ದರು. ಮರು ತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜೆಲಟಿನ್ ಸಿಡಿದು ಆರು ಜನ ಸತ್ತದ್ದು ಅವರ ಪಾಲಿಗೆ ಪಕ್ಕದ ಮನೆಯ ಸುದ್ದಿಯಾಗಿತ್ತು.

ತರಂಗವೇ ಏಕೆ ಬೇಕು

ನಮ್ಮ ದೇಶದಲ್ಲಿ ಇಂಥ ಅಳತೆಗೆ ಆಧಾರವಾಗಿರುವುದು ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ 7ನೇ ಸಂಖ್ಯೆಯ ತಾಂತ್ರಿಕ ಸುತ್ತೋಲೆ. ಗಣಿ ಮಾಲೀಕರಿಗೆ ಸೇರದ ವಾಸದ ಮನೆಯ ಬುಡದಲ್ಲಿ ನೆಲದ ಗರಿಷ್ಠ ಕಣವೇಗವು (ನೆಲ ಅಲುಗುವ ಅತಿ ಹೆಚ್ಚಿನ ವೇಗ), ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆ ಇದ್ದಾಗ ಸೆಕೆಂಡಿಗೆ 5 ಮಿಲಿಮೀಟರನ್ನೂ, 8ರಿಂದ 25 ಹರ್ಟ್ಸ್ ನಡುವೆ ಇದ್ದಾಗ 10 ಮಿಲಿಮೀಟರನ್ನೂ, ಅದಕ್ಕೂ ಮೇಲಿದ್ದಾಗ 15 ಮಿಲಿಮೀಟರನ್ನೂ ದಾಟಬಾರದು ಎಂದು ಅದು ಹೇಳುತ್ತದೆ. ಮಿತಿಯು ಆವರ್ತನವನ್ನು ಅವಲಂಬಿಸಿರುವುದರಿಂದ ಬರೀ ಗರಿಷ್ಠ ಅಂಕಿ ಬರೆದಿಟ್ಟರೆ ಸಾಲದು, ಅಲೆಯ ಪೂರ್ತಿ ರೂಪವೇ ದಾಖಲಾಗಬೇಕು. ಟ್ರಿಗರ್ ಎಂಬುದರ ಅಗತ್ಯ ಹುಟ್ಟುವುದು ಇಲ್ಲಿಂದ. ನಮ್ಮ ಮಾಪಕದಲ್ಲಿ ನೆಲದ ಮೂರು ದಿಕ್ಕಿನ ಚಲನೆಗೆ ಮೂರು ಜಿಯೋಫೋನ್‌ಗಳು, ಗಾಳಿಯ ಒತ್ತಡಕ್ಕೆ ಒಂದು ಮೈಕ್ರೊಫೋನ್, ಹೀಗೆ ನಾಲ್ಕು ವಾಹಿನಿಗಳಿವೆ. ಪ್ರತಿ ವಾಹಿನಿಯಿಂದ ಸೆಕೆಂಡಿಗೆ 1024 ಅಳತೆ, ಒಂದೊಂದಕ್ಕೆ ಎರಡು ಬೈಟ್. ಎಂದರೆ ಸೆಕೆಂಡಿಗೆ 8 ಕಿಲೋಬೈಟ್, ದಿನಕ್ಕೆ ಹತ್ತಿರ ಹತ್ತಿರ 700 ಮೆಗಾಬೈಟ್. ನೆನಪಿನ ಕಾರ್ಡು ಇದನ್ನು ಹೇಗೋ ತಾಳಿಕೊಳ್ಳುತ್ತದೆ, ಆದರೆ ಊರಿನಲ್ಲಿ ಆಗೊಮ್ಮೆ ಈಗೊಮ್ಮೆ ಸಿಗುವ ಮೊಬೈಲ್ ಸಿಗ್ನಲ್‌ನಲ್ಲಿ ಅಷ್ಟನ್ನು ಕಚೇರಿಗೆ ತರಲಾಗುವುದಿಲ್ಲ, ತಂದರೂ ಕುಳಿತು ನೋಡುವವರಿಲ್ಲ. ಆದ್ದರಿಂದ ಮಾಪಕವು ಸದಾ ಆಲಿಸುತ್ತಲೇ ಇದ್ದು, ನಿಗದಿತ ಮಟ್ಟ ದಾಟಿದಾಗ ಮಾತ್ರ, ಅದಕ್ಕೂ ಒಂದೆರಡು ಸೆಕೆಂಡ್ ಹಿಂದಿನಿಂದ ಆರಂಭಿಸಿ, ಕೆಲವು ಸೆಕೆಂಡುಗಳ ಅಲೆಯನ್ನು ಉಳಿಸಿಕೊಳ್ಳುವಂತೆ ಮಾಡುತ್ತೇವೆ.

ಆ ‘ನಿಗದಿತ ಮಟ್ಟ’ ಎಷ್ಟಿರಬೇಕು ಎಂಬುದು ಊಹೆಯ ಮಾತಲ್ಲ. ಸ್ಫೋಟಕವನ್ನೆಲ್ಲ ಒಂದೇ ಸಲ ಸಿಡಿಸದೆ ಮಿಲಿಸೆಕೆಂಡುಗಳ ವಿಳಂಬ ಕೊಟ್ಟು ಒಂದಾದ ಮೇಲೊಂದು ಸಿಡಿಸುತ್ತಾರೆ; ಹೀಗೆ ಒಂದು ವಿಳಂಬದಲ್ಲಿ ಸಿಡಿಯುವ ಸ್ಫೋಟಕ ಸುಮಾರು 20 ಕಿಲೋ ಎಂದು ಕ್ವಾರಿಯವರು ತಿಳಿಸಿದ್ದರು. ದೂರವನ್ನು ಆ ತೂಕದ ವರ್ಗಮೂಲದಿಂದ ಭಾಗಿಸಿದರೆ 94 ಬರುತ್ತದೆ. ಆಸ್ಟ್ರೇಲಿಯಾದ ಎಎಸ್ 2187 ಮಾನಕವು ಸಾಮಾನ್ಯ ನೆಲಕ್ಕೆ ಕೊಡುವ ಸೂತ್ರದಲ್ಲಿ, ಅಂದರೆ 1140 ಗುಣಾಂಕ ಮತ್ತು ಋಣ 1.6 ಘಾತದೊಂದಿಗೆ, ಇದನ್ನು ಇಟ್ಟು ನೋಡಿದರೆ ಊರಿನಲ್ಲಿ ಸೆಕೆಂಡಿಗೆ 0.8 ಮಿಲಿಮೀಟರಿನಷ್ಟು ಕಂಪನ ನಿರೀಕ್ಷಿಸಬಹುದು. ನಿರೀಕ್ಷೆಯ ಅರ್ಧಕ್ಕೆ ಟ್ರಿಗರ್ ಇಡುವುದು ವಾಡಿಕೆ, ಹಾಗಾಗಿ 0.4. ಕಾಗದದ ಮೇಲೆ ಇಷ್ಟು ಸರಳವಾಗಿತ್ತು.

ಮಾಪಕಗಳು ಎರಡು. ಮೊದಲನೆಯದನ್ನು ಕ್ವಾರಿಯ ಒಳಗೇ, ಸ್ಫೋಟದ ಮೆಟ್ಟಿಲಿನಿಂದ 90 ಮೀಟರ್ ದೂರದ ಬಂಡೆಯ ಮೇಲೆ ಕೂರಿಸಿದೆವು. ಎರಡನೆಯದನ್ನು ಊರಿನ ಅಂಚಿನ ಮನೆಯೊಂದರ ಅಂಗಳದಲ್ಲಿ, ಗೋಡೆಯ ಬುಡದ ಮಣ್ಣು ಅಗೆದು ಹೂತು, ಮೇಲೆ ಮರಳುಚೀಲ ಹೇರಿ, ಪಕ್ಕದಲ್ಲಿ ಒಂದು ಮೀಟರ್ ಎತ್ತರದ ಗೂಟಕ್ಕೆ ಸ್ಪಂಜಿನ ಟೋಪಿ ತೊಡಿಸಿದ ಮೈಕ್ರೊಫೋನ್ ಕಟ್ಟಿ ನಿಲ್ಲಿಸಿದೆವು. ಆ ಮನೆಯಲ್ಲಿ ಒಬ್ಬ ಅಜ್ಜಿ, ಮಗ, ಸೊಸೆ, ಎರಡು ಸೀಮೆಹಸು, ಲೆಕ್ಕವಿಡದಷ್ಟು ಕೋಳಿ.

ಮೊದಲ ಮೂರು ದಿನದಲ್ಲಿ ಎರಡನೆಯ ಮಾಪಕವೊಂದೇ 412 ಘಟನೆಗಳನ್ನು ದಾಖಲಿಸಿತ್ತು. ಆ ಮೂರು ದಿನದಲ್ಲಿ ನಡೆದ ಸ್ಫೋಟ ಒಂದು. ಉಳಿದದ್ದೆಲ್ಲ ಹಾಲಿನ ಡೇರಿಯ ಗಾಡಿ, ಎಂಟು ಮೀಟರ್ ದೂರದಲ್ಲಿ ಹಾದು ಹೋಗುವ ಟ್ರ್ಯಾಕ್ಟರ್ (ಅದೊಂದೇ 0.6ರಿಂದ 0.9ರವರೆಗೆ ಎಬ್ಬಿಸುತ್ತಿತ್ತು), ಕಲ್ಲಿನ ಮೇಲೆ ಸೌದೆ ಒಡೆಯುವ ಪೆಟ್ಟು, ಗಾಳಿ, ಮತ್ತು ಮರಳುಚೀಲವನ್ನು ತನ್ನ ಸಿಂಹಾಸನ ಮಾಡಿಕೊಂಡಿದ್ದ ಒಂದು ಹುಂಜ. ಹುಂಜ ಹಾರಿ ಕೂತಾಗ ಮಾಪಕ ತೋರಿಸಿದ ಅಂಕಿ, ಆ ವಾರದ ನಿಜವಾದ ಸ್ಫೋಟ ತೋರಿಸಿದ್ದಕ್ಕಿಂತ ಹೆಚ್ಚಿತ್ತು. ನಾವು ಹುಡುಕುತ್ತಿದ್ದ ಸಂಕೇತವೂ ಊರಿನ ದಿನನಿತ್ಯದ ಗದ್ದಲವೂ ಒಂದೇ ಎತ್ತರದಲ್ಲಿದ್ದವು. ಮಟ್ಟ ಏರಿಸಿದರೆ ಎರಡೂ ಹೋಗುತ್ತವೆ, ಇಳಿಸಿದರೆ ಎರಡೂ ಬರುತ್ತವೆ.

‘ಮತ್ತು’ ಎಂಬ ಪದದ ಬೆಲೆ

ಬರೀ ಮಟ್ಟದಿಂದ ಬಗೆಹರಿಯದ್ದನ್ನು ತರ್ಕದಿಂದ ಬಗೆಹರಿಸೋಣ ಎಂದು ಸಹೋದ್ಯೋಗಿ ಸೂಚಿಸಿದ, ನಾನೂ ಒಪ್ಪಿದೆ. ಟ್ರ್ಯಾಕ್ಟರ್ ನೆಲವನ್ನು ಅಲುಗಿಸುತ್ತದೆ, ಆದರೆ ಗಾಳಿಯಲ್ಲಿ ದೊಡ್ಡ ಒತ್ತಡದ ಅಲೆ ಎಬ್ಬಿಸುವುದಿಲ್ಲ. ಬೀಸುಗಾಳಿ ಮೈಕ್ರೊಫೋನನ್ನು ಕೆಣಕುತ್ತದೆ, ನೆಲವನ್ನು ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವುದು ಸ್ಫೋಟ ಮಾತ್ರ. ಹಾಗಾದರೆ ನೆಲದಲ್ಲಿ 0.4 ದಾಟಬೇಕು ‘ಮತ್ತು’ ಗಾಳಿಯಲ್ಲಿ 115 ಡೆಸಿಬೆಲ್ ದಾಟಬೇಕು, ಎರಡೂ ಆದರೆ ಮಾತ್ರ ದಾಖಲಿಸು ಎಂದು ಮಾಪಕಕ್ಕೆ ಹೇಳಿದೆವು. ಅಂದಿನಿಂದ ಗದ್ದಲ ನಿಂತೇಹೋಯಿತು. ದಿನಕ್ಕೆ ನೂರರ ಮೇಲೆ ಬರುತ್ತಿದ್ದ ದಾಖಲೆಗಳು ಸೊನ್ನೆಗಿಳಿದವು. ನಮಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಬದಲಾವಣೆಯಾದ ನಾಲ್ಕನೆಯ ದಿನ ಕ್ವಾರಿಯಲ್ಲಿ ಸ್ಫೋಟ ನಡೆದು, ಅದೂ ಸೊನ್ನೆಯೊಳಗೇ ಸೇರಿಹೋದದ್ದು ಮರುದಿನ ಬೆಳಿಗ್ಗೆಯವರೆಗೆ ಗಮನಕ್ಕೇ ಬರಲಿಲ್ಲ.

ಕಾರಣ ಶಾಲೆಯ ಭೌತಶಾಸ್ತ್ರದಲ್ಲೇ ಇತ್ತು. ಗಟ್ಟಿ ಶಿಲೆಯಲ್ಲಿ ಕಂಪನದ ಅಲೆ ಸೆಕೆಂಡಿಗೆ ಕೆಲವು ಸಾವಿರ ಮೀಟರ್ ವೇಗದಲ್ಲಿ ಓಡುತ್ತದೆ, 420 ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಹತ್ತನೆಯ ಒಂದೆರಡು ಪಾಲು ಸಾಕು. ಗಾಳಿಯ ಅಲೆಯದು ಸೆಕೆಂಡಿಗೆ 340 ಮೀಟರ್, ಅದಕ್ಕೆ ಬೇಕಾದದ್ದು 1.2 ಸೆಕೆಂಡ್. ನೆಲ ಅಲುಗಿ ನಿಂತ ಮೇಲೆ ಸುಮಾರು ಒಂದು ಸೆಕೆಂಡ್ ಬಿಟ್ಟು ಸದ್ದು ಬರುತ್ತದೆ. ಗುಡುಗು–ಮಿಂಚಿನ ಲೆಕ್ಕ ಬಲ್ಲ ಯಾವ ಹುಡುಗನಾದರೂ ಇದನ್ನು ಹೇಳಿಯಾನು. ಆದರೆ ಮಾಪಕದ ‘ಮತ್ತು’ ಎಂಬ ಷರತ್ತಿಗೆ ತನ್ನದೇ ಒಂದು ಕಾಲಮಿತಿ ಇತ್ತು: ಎರಡೂ ವಾಹಿನಿಗಳು ಅರ್ಧ ಸೆಕೆಂಡಿನೊಳಗೆ ಮಟ್ಟ ದಾಟಿದರೆ ಮಾತ್ರ ಅದು ಒಟ್ಟಿಗೆ ಆದದ್ದೆಂದು ಪರಿಗಣಿಸುತ್ತಿತ್ತು. ಸೆಟ್ಟಿಂಗ್‌ಗಳ ನಾಲ್ಕನೆಯ ಪುಟದಲ್ಲಿ, ಯಾರೂ ತೆರೆಯದ ಜಾಗದಲ್ಲಿ, ಕಾರ್ಖಾನೆಯಿಂದ ಬಂದಂತೆಯೇ ಅದು ಕುಳಿತಿತ್ತು. ಅಂದರೆ ಊರಿನಲ್ಲಿಟ್ಟ ಮಾಪಕಕ್ಕೆ ನಾವು ಕೊಟ್ಟ ಆಜ್ಞೆಯ ನಿಜವಾದ ಅರ್ಥ ಹೀಗಿತ್ತು: ಸ್ಫೋಟವು 420 ಮೀಟರ್ ದೂರದಲ್ಲಿ ನಡೆದರೆ ದಾಖಲಿಸಬೇಡ. ನೆಲದ ಅಲೆಗೂ ಗಾಳಿಯ ಅಲೆಗೂ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರವಿರುವುದು ಸುಮಾರು 190 ಮೀಟರಿನೊಳಗೆ ಮಾತ್ರ. ಕ್ವಾರಿಯೊಳಗಿನ ಮೊದಲ ಮಾಪಕ 90 ಮೀಟರಿನಲ್ಲಿದ್ದುದರಿಂದ ಅದು ಅದೇ ಸ್ಫೋಟವನ್ನು ಚೆನ್ನಾಗಿ ದಾಖಲಿಸಿಕೊಂಡಿತ್ತು; ಅದರಿಂದಲೇ ನಮ್ಮ ತಪ್ಪು ಬೇಗ ಸಿಕ್ಕಿಬಿತ್ತು.

ಆ ಕಾಲಮಿತಿಯನ್ನು ಎರಡು ಸೆಕೆಂಡಿಗೆ ಹಿಗ್ಗಿಸಿದರೆ ಆಗುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾವೂ ಹಾಗೆಯೇ ಯೋಚಿಸಿದೆವು. ಆದರೆ ಗಾಳಿ ಊರಿನ ಕಡೆಯಿಂದ ಕ್ವಾರಿಯ ಕಡೆಗೆ ಬೀಸುವ ದಿನ ಸದ್ದಿನ ಮಟ್ಟ 115ರ ಕೆಳಗೆ ಉಳಿದುಬಿಡಬಹುದು. ಆಗ ನೆಲ ಎಷ್ಟೇ ಅಲುಗಿದರೂ ದಾಖಲೆ ಇರುವುದಿಲ್ಲ. ಸುತ್ತೋಲೆಯ ಮಿತಿ ಇರುವುದು ನೆಲದ ಕಂಪನಕ್ಕೆ. ಅದನ್ನು ಅಳೆಯಲು ಗಾಳಿಯ ಅನುಮತಿ ಕೇಳುವ ವ್ಯವಸ್ಥೆ ಯಾವ ಕಾಲಮಿತಿ ಇಟ್ಟರೂ ತಪ್ಪೇ. ಮಾಪಕದೊಳಗೆ ‘ಅಥವಾ’ ಇರಬೇಕು, ‘ಮತ್ತು’ ಕಚೇರಿಯ ಮೇಜಿನ ಮೇಲೆ ಇರಬೇಕು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಆಗ. ಮಾಪಕವು ಬಿಟ್ಟದ್ದನ್ನು ಮರಳಿ ಪಡೆಯುವ ದಾರಿಯಿಲ್ಲ. ಅದು ಹೆಚ್ಚಾಗಿ ತಂದದ್ದನ್ನು ಬಿಡುವುದು ನಮ್ಮ ಕೈಯಲ್ಲಿದೆ.

ಎರಡು ಮಾಪಕಗಳು ಒಂದಕ್ಕೊಂದು ಕೂಗಿ ಎಬ್ಬಿಸುವಂತೆ ಮಾಡುವ ಇನ್ನೊಂದು ಸೌಲಭ್ಯವೂ ಇತ್ತು. ಕೇಬಲ್ ಎಳೆದಿದ್ದರೆ ಅದು ನಡೆಯುತ್ತಿತ್ತು. ಮೊಬೈಲ್ ಜಾಲದ ಮೂಲಕ ಆ ಕೂಗು ಹೋಗಿ ತಲುಪಲು ಹಲವು ಸೆಕೆಂಡ್ ಹಿಡಿಯುತ್ತಿದ್ದುದರಿಂದ, ಅಷ್ಟರಲ್ಲಿ ಅಲೆ ಹಾದು ಹೋಗಿ, ನಮ್ಮ ಒಂದೆರಡು ಸೆಕೆಂಡಿನ ಹಿಂದಣ ನೆನಪಿಗೆ ಏನೂ ಸಿಗುತ್ತಿರಲಿಲ್ಲ. ಹಲವು ಕೇಂದ್ರಗಳು ಒಂದೇ ಅಲೆಯನ್ನು ಕಂಡರೆ ಮಾತ್ರ ನಂಬುವ ಪದ್ಧತಿ ಈ ಭಾಗಕ್ಕೆ ಹೊಸದೇನಲ್ಲ. ದೂರದ ಅಣುಪರೀಕ್ಷೆಗಳನ್ನು ಪತ್ತೆಹಚ್ಚಲೆಂದು 1965ರಲ್ಲಿ ಗೌರಿಬಿದನೂರಿನಲ್ಲಿ ನೆಟ್ಟ ಭೂಕಂಪನಮಾಪಕಗಳ ಎರಡು ಉದ್ದ ಸಾಲುಗಳ ಹಿಂದಿರುವುದೂ ಬಿಡಿ ಮಾಪಕದ ಮಾತಿಗಿಂತ ಸಾಲಿನ ಒಮ್ಮತಕ್ಕೆ ಬೆಲೆ ಕೊಡುವ ಯೋಚನೆಯೇ. ಅಲ್ಲಿಯೂ ಎಲ್ಲ ಮಾಪಕಗಳಿಗೆ ಒಂದೇ ಗಡಿಯಾರ ಬೇಕು. ನಮಗೂ ಅದೇ ಬೇಕಾಯಿತು, ಎರಡನೆಯ ತಪ್ಪಿಗೆ ದಾರಿಯಾದದ್ದೂ ಅದೇ.

ಐದೂವರೆ ಗಂಟೆ

ಎರಡೂ ಮಾಪಕಗಳ ದಾಖಲೆಗಳನ್ನು ಕಚೇರಿಯಲ್ಲಿ ಹೊಂದಿಸಿ ನೋಡಬೇಕಾದರೆ ಗಡಿಯಾರಗಳು ಸೆಕೆಂಡಿನ ಸಣ್ಣ ಪಾಲಿನವರೆಗೆ ಒಂದಾಗಿರಬೇಕು. ಅಲ್ಲಿಯವರೆಗೆ ಮೊಬೈಲ್ ನೋಡಿಕೊಂಡು ಕೈಯಿಂದ ಗಂಟೆ ತುಂಬಿಸುತ್ತಿದ್ದೆವು. ಮೂರನೆಯ ವಾರದಲ್ಲಿ ಜಿಪಿಎಸ್ ಆಂಟೆನಾ ಜೋಡಿಸಿ, ಗಡಿಯಾರವನ್ನು ಉಪಗ್ರಹಕ್ಕೆ ಒಪ್ಪಿಸಿದೆವು. ಅದೇ ದಿನ ಗದ್ದಲದ ಸಮಸ್ಯೆಗೆ ವೇಳಾಪಟ್ಟಿಯ ಪರಿಹಾರವನ್ನೂ ಹಾಕಿದೆವು. ಸ್ಫೋಟ ಒಂದರಿಂದ ಎರಡರೊಳಗೆ ನಡೆಯುವುದು ನಿಗದಿಯಾಗಿರುವಾಗ ದಿನವಿಡೀ ಹುಂಜನನ್ನು ಅಳೆಯುವುದೇಕೆ? ಹದಿಮೂರರಿಂದ ಹದಿನಾಲ್ಕೂವರೆಯವರೆಗೆ ಎಚ್ಚರ, ಉಳಿದ ಹೊತ್ತು ನಿದ್ರೆ. ಎಚ್ಚರದ ಅವಧಿಯಲ್ಲಿ ನೆಲ 0.4 ‘ಅಥವಾ’ ಗಾಳಿ 115.

ಎರಡು ದಿನದ ನಂತರ ಒಂದೇ ಒಂದು ದಾಖಲೆ ಬಂತು, ಎರಡೂ ಮಾಪಕಗಳಿಂದ, ಸಮಯ 13:12. ಕ್ವಾರಿಯ ಸ್ಫೋಟ ಪುಸ್ತಕದಲ್ಲಿ ಅಂದು 38 ಕುಳಿ (ಸ್ಫೋಟಕ ತುಂಬಲು ಬಂಡೆಯಲ್ಲಿ ಕೊರೆದ ರಂಧ್ರ), 13:10 ಎಂದು ಬರೆದಿತ್ತು. ಅಷ್ಟು ಹೊಂದಾಣಿಕೆ ಸಿಕ್ಕರೆ ಇನ್ನೇನು ಬೇಕು? ಊರಿನಲ್ಲಿ ನೆಲದ ಕಂಪನ ಸೆಕೆಂಡಿಗೆ 0.3 ಮಿಲಿಮೀಟರ್, ಗಾಳಿಯ ಒತ್ತಡ 128 ಡೆಸಿಬೆಲ್ ಎಂದು ಸಹೋದ್ಯೋಗಿ ವಾರದ ಪಟ್ಟಿಗೆ ಏರಿಸಿದ.

ನನಗೆ ಕಿರಿಕಿರಿಯಾದದ್ದು ಅಲೆಯ ಆಕಾರ. ಮೂವತ್ತೆಂಟು ಕುಳಿಗಳನ್ನು ತಲಾ 25 ಮಿಲಿಸೆಕೆಂಡ್ ವಿಳಂಬದಲ್ಲಿ ಸಿಡಿಸಿದರೆ ಮೊದಲ ಕುಳಿಯಿಂದ ಕೊನೆಯ ಕುಳಿಯವರೆಗೆ ಸೆಕೆಂಡಿನ ಹತ್ತಿರ ಹತ್ತಿರ ಒಂಬತ್ತು ಹತ್ತಾಂಶದಷ್ಟು ಹೊತ್ತಾಗುತ್ತದೆ. ಕಾಗದದ ಮೇಲೆ ಅದು ಜೋಳದ ತೆನೆಯಂತೆ ಉದ್ದಕ್ಕೆ ಕಾಣಬೇಕು. ಇದರಲ್ಲಿ ಇದ್ದದ್ದು ಒಂದೇ ಗುದ್ದು, ಅದೂ ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಮುಗಿದಿತ್ತು. ಆಮೇಲೆ ಒಂದು ಸೆಕೆಂಡ್ ಸಪಾಟು. ಆಮೇಲೆ ಮೈಕ್ರೊಫೋನಿನಲ್ಲಿ ಚೂಪಾದ ಶಿಖರ, ಅದೇ ಕ್ಷಣ ಜಿಯೋಫೋನಿನಲ್ಲೂ ಪುಟ್ಟ ನಡುಕ, ಗಾಳಿಯ ಅಲೆಯೇ ಬಂದು ನೆಲವನ್ನು ತಟ್ಟಿದ ಗುರುತು. ನೆಲದಲ್ಲಿ ಇಷ್ಟು ಕಡಿಮೆ, ಗಾಳಿಯಲ್ಲಿ ಇಷ್ಟು ಹೆಚ್ಚು. ಕುಳಿಯೊಳಗೆ ಮಣ್ಣು ಗಿಡಿದು ಸಿಡಿಸಿದ ಸ್ಫೋಟದ ಲಕ್ಷಣ ಇದಲ್ಲ. ದೊಡ್ಡ ಬಂಡೆಯ ಮೈಮೇಲೆ ಸ್ಫೋಟಕ ಅಂಟಿಸಿ ಒಡೆಯುವಾಗ, ಶಕ್ತಿಯ ಬಹುಪಾಲು ಗಾಳಿಗೇ ಹೋಗುವಾಗ, ಹೀಗಾಗುತ್ತದೆ. ಕ್ವಾರಿಯವರ ಬಾಯಲ್ಲಿ ಅದು ‘ಪಾಪ್’.

ಮರುದಿನ ಬ್ಯಾಟರಿ ನೋಡಲು ಹೋದಾಗ ಅಜ್ಜಿಯ ಬಳಿ, ನಿನ್ನೆ ಮಧ್ಯಾಹ್ನದ ಸದ್ದು ಜೋರಾಗಿತ್ತಂತೆ ಎಂದು ಮಾತು ತೆಗೆದೆ. ಅವರು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು, “ಮಧ್ಯಾಹ್ನದ್ದು ಎಂದಿನ ಹಂಗೇ ಇತ್ತಪ್ಪ. ಜೋರಾಗಿದ್ದು ಸಂಜೆದು. ದೀಪ ಹಚ್ಚೋ ಹೊತ್ತಲ್ವಾ, ಬೆಂಕಿಕಡ್ಡಿ ಕೈಯಿಂದ ಬಿತ್ತು” ಎಂದರು.

ಅಲ್ಲಿಗೆ ಎಲ್ಲವೂ ಬಿಚ್ಚಿಕೊಂಡಿತು. ಜಿಪಿಎಸ್ ಕೊಡುವುದು ಸಾರ್ವತ್ರಿಕ ಸಮಯವನ್ನು; ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆಂಟೆನಾ ಜೋಡಿಸಿದಾಗ ಕಾಲವಲಯದ ಅಂತರವನ್ನು ತುಂಬದೆ ಸೊನ್ನೆಯಲ್ಲೇ ಬಿಟ್ಟಿದ್ದೆವು, ವೇಳಾಪಟ್ಟಿಯನ್ನು ಮಾತ್ರ ನಮ್ಮ ಗಂಟೆಯಲ್ಲಿ ಬರೆದಿದ್ದೆವು. ಹದಿಮೂರಕ್ಕೆ ಏಳಬೇಕಾದ ಮಾಪಕ ಸಂಜೆ ಆರೂವರೆಗೆ ಏಳುತ್ತಿತ್ತು, ಎಂಟಕ್ಕೆ ಮಲಗುತ್ತಿತ್ತು. ಮಧ್ಯಾಹ್ನದ 38 ಕುಳಿಗಳ ಸ್ಫೋಟ ನಡೆದಾಗ ಎರಡೂ ಗಾಢನಿದ್ರೆಯಲ್ಲಿದ್ದವು. 13:12 ಎಂದು ದಾಖಲಾದದ್ದು ಸಂಜೆ 6:42. ಎರಡೂ ಮಾಪಕಗಳು ಒಂದೇ ಸಮಯ ಹೇಳುತ್ತಿವೆ ಎಂಬುದನ್ನೇ ನಾವು ಸಾಕ್ಷಿ ಎಂದುಕೊಂಡಿದ್ದೆವು. ಎರಡಕ್ಕೂ ಒಂದೇ ದಿನ, ಒಂದೇ ಕೈ, ಒಂದೇ ತಪ್ಪನ್ನು ತುಂಬಿಸಿದ್ದರಿಂದ ಅವು ಒಂದೇ ಸುಳ್ಳನ್ನು ಒಂದೇ ಸ್ವರದಲ್ಲಿ ಹೇಳುತ್ತಿದ್ದವು. ಪರಸ್ಪರ ಹೊಂದಾಣಿಕೆಯಿಂದ ಗಡಿಯಾರದ ಅಂತರ ಸರಿಯಾಗಿದೆ ಎಂದು ತಿಳಿಯುತ್ತದೆಯೇ ಹೊರತು ಗಡಿಯಾರ ಸರಿಯಾಗಿದೆ ಎಂದಲ್ಲ. ಇದನ್ನು ಪರೀಕ್ಷಿಸಲು ಬೇಕಾಗಿದ್ದುದು ತೀರ ಸುಲಭದ ಕೆಲಸ. ಈಗ ಮಾಪಕ ಕೂರಿಸಿದ ಕೂಡಲೇ ಪಕ್ಕದ ನೆಲವನ್ನು ಹಿಮ್ಮಡಿಯಿಂದ ಮೂರು ಸಲ ಗುದ್ದಿ, ಕೈಗಡಿಯಾರದ ಹೊತ್ತನ್ನು ಪುಸ್ತಕದಲ್ಲಿ ಬರೆದು, ಆ ದಾಖಲೆ ಅದೇ ಹೊತ್ತಿನೊಂದಿಗೆ ಬಂದಿದೆಯೇ ಎಂದು ನೋಡದೆ ಜಾಗ ಬಿಡುವುದಿಲ್ಲ.

ಆದರೆ ಈ ತಪ್ಪಿನ ಬಗ್ಗೆ ನಾನು ಪೂರ್ತಿ ಪಶ್ಚಾತ್ತಾಪಪಡಲಾರೆ. ವೇಳಾಪಟ್ಟಿಯನ್ನು ಸರಿಯಾಗಿ ಹಾಕಿದ್ದರೆ ಆರು ವಾರ ಮಧ್ಯಾಹ್ನದ ಸ್ಫೋಟಗಳನ್ನೇ ಅಚ್ಚುಕಟ್ಟಾಗಿ ಅಳೆದು, ಎಲ್ಲವೂ ಮಿತಿಯೊಳಗಿದೆ ಎಂದು ವರದಿ ಬರೆದು ಬರುತ್ತಿದ್ದೆವು. ಊರಿನವರು ಹೇಳುತ್ತಿದ್ದ ಸಂಜೆಯ ಸದ್ದು ನಮ್ಮ ದಾಖಲೆಯಲ್ಲಿ ಇರುತ್ತಲೇ ಇರಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಆಲಿಸಬೇಡ ಎಂದು ನಾವೇ ಆಜ್ಞೆ ಕೊಟ್ಟಿರುತ್ತಿದ್ದೆವು. ಅನುಮತಿ ಪತ್ರದಲ್ಲಿ ಬರೆದ ವೇಳೆಯನ್ನು ತಂದು ಮಾಪಕದ ವೇಳಾಪಟ್ಟಿಯಾಗಿಸಿದಾಗ, ನಿಯಮ ಪಾಲನೆಯಾಗುತ್ತಿದೆಯೇ ಎಂದು ಪರೀಕ್ಷಿಸಲು ಹೋದವರು ನಿಯಮ ಪಾಲನೆಯಾಗುತ್ತಿದೆ ಎಂದು ಮೊದಲೇ ನಂಬಿಕೊಂಡಂತಾಯಿತು.

ಕೊನೆಗೆ ಉಳಿದ ವ್ಯವಸ್ಥೆ

ನಾಲ್ಕನೆಯ ವಾರದಿಂದ ಮಾಪಕವನ್ನು ಯಾವ ಹೊತ್ತಿನಲ್ಲೂ ಪೂರ್ತಿ ಮಲಗಿಸಲಿಲ್ಲ. ವೇಳಾಪಟ್ಟಿ ಉಳಿಯಿತು, ಆದರೆ ಅದು ಬದಲಿಸುತ್ತಿದ್ದುದು ಎಚ್ಚರದ ಮಟ್ಟವನ್ನಷ್ಟೇ. ಮಧ್ಯಾಹ್ನ ಹನ್ನೆರಡೂ ಏಳು ನಿಮಿಷದಿಂದ ಮೂರರವರೆಗೆ ನೆಲಕ್ಕೆ 0.4 ಅಥವಾ ಗಾಳಿಗೆ 112. ಹಗಲಿನ ಉಳಿದ ಹೊತ್ತಿನಲ್ಲಿ ನೆಲಕ್ಕೆ 1.0 ಅಥವಾ ಗಾಳಿಗೆ 115. ಊರು ಮಲಗಿದ ಮೇಲೆ, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ, ಮತ್ತೆ ಕೆಳಗಿನ ಮಟ್ಟಗಳೇ. ಸ್ಫೋಟದ ಅವಧಿಯನ್ನು ಎರಡಕ್ಕೆ ಮುಗಿಸದೆ ಮೂರರವರೆಗೆ ಎಳೆದದ್ದು, ಮೋಡ ಕವಿದ ದಿನ ಸಿಡಿಲಿಗೆ ಹೆದರಿಯೋ ಕುಳಿ ಕೊರೆಯುವುದು ತಡವಾಗಿಯೋ ಕೆಲಸ ಮುಂದಕ್ಕೆ ಹೋಗುವುದು ಮಾಮೂಲಾದ್ದರಿಂದ. ಹನ್ನೆರಡೂ ಏಳು ಎಂಬ ವಿಚಿತ್ರ ಹೊತ್ತಿಗೂ ಕಾರಣವಿದೆ. ಒಂದು ಸೆಟ್ಟಿಂಗ್‌ನಿಂದ ಇನ್ನೊಂದಕ್ಕೆ ಹೊರಳುವಾಗ ಮಾಪಕವು ತನ್ನ ಜಿಯೋಫೋನ್‌ಗಳನ್ನು ಪರೀಕ್ಷಿಸಿಕೊಂಡು ಮತ್ತೆ ಸಿದ್ಧವಾಗಲು ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಆ ಒಂದೂವರೆ ನಿಮಿಷ ಅದು ಕಿವುಡು. ಮನುಷ್ಯರು ಕೆಲಸ ಶುರುಮಾಡುವುದು ಗಂಟೆಗೋ ಅರ್ಧ ಗಂಟೆಗೋ ಸರಿಯಾಗಿ; ಕಿವುಡಿನ ಹೊತ್ತು ಅದರಿಂದ ದೂರವಿರಲಿ ಎಂದು ಹಾಗೆ ಮಾಡಿದೆವು.

ಇದೆಲ್ಲದರ ಕೆಳಗೆ, ಯಾವ ಟ್ರಿಗರಿಗೂ ಸಂಬಂಧವಿಲ್ಲದೆ, ಪ್ರತಿ ನಿಮಿಷದ ಗರಿಷ್ಠ ಕಂಪನ ಮತ್ತು ಗರಿಷ್ಠ ಒತ್ತಡವನ್ನು ಒಂದೊಂದು ಸಾಲಾಗಿ ಬರೆಯುವ ವ್ಯವಸ್ಥೆ ಮಾಡಿದೆವು. ದಿನಕ್ಕೆ 1440 ಸಾಲು, ಒಂದು ಸಾಧಾರಣ ಫೋಟೋಗಿಂತ ಚಿಕ್ಕ ಕಡತ. ಅಲೆಯ ರೂಪ ಅದರಲ್ಲಿ ಸಿಗುವುದಿಲ್ಲ, ಆವರ್ತನ ಸಿಗುವುದಿಲ್ಲ, ಆದರೆ ಏನೋ ಆಯಿತು ಎಂಬುದು ತಪ್ಪಿಹೋಗುವುದಿಲ್ಲ. ನನ್ನ ಅನುಭವದಲ್ಲಿ ಈ ನಿಮಿಷವಾರು ಸಾಲುಗಳನ್ನು ಮೊದಲ ದಿನವೇ ಹಾಕದಿರುವುದು ಟ್ರಿಗರ್ ತಪ್ಪುಗಳಿಗಿಂತ ದೊಡ್ಡ ತಪ್ಪು. ದಾಖಲೆಯ ಉದ್ದವನ್ನು ಆರು ಸೆಕೆಂಡಿಗೆ ಇಟ್ಟೆವು: ಸ್ಫೋಟದ ಅವಧಿ ಒಂದು ಸೆಕೆಂಡ್, ಗಾಳಿಯ ಅಲೆ ಬಂದು ತಲುಪಲು ಒಂದೂಕಾಲು, ಅದರ ಮೇಲೆ ವಾಡಿಕೆಯಂತೆ ಎರಡು ಸೆಕೆಂಡ್ ಹೆಚ್ಚುವರಿ, ಸ್ವಲ್ಪ ಧಾರಾಳ. ಹುಂಜನಿಗೆ ಸಿಂಹಾಸನ ತಪ್ಪಿಸಲು ಮರಳುಚೀಲದ ಮೇಲೆ ತಗಡು ಬೋರಲು ಹಾಕುವುದು ಬೇಡ (ತಗಡು ಗಾಳಿಗೆ ಬಡಿದುಕೊಳ್ಳುತ್ತದೆ), ಕಾರೆಮುಳ್ಳಿನ ಕೊಂಬೆ ಹೊದಿಸಿದರೆ ಸಾಕು ಎಂದದ್ದು ಅಜ್ಜಿಯ ಮಗ.

‘ಮತ್ತು’ ಈಗ ಕಚೇರಿಯಲ್ಲಿತ್ತು. ಕ್ವಾರಿಯ ಮಾಪಕ ಕಂಡು, ಊರಿನ ಮಾಪಕವೂ ಅರ್ಧ ಸೆಕೆಂಡಿನೊಳಗೆ ಕಂಡು, ಊರಿನಲ್ಲಿ ನೆಲದ ನಂತರ 0.8ರಿಂದ 1.5 ಸೆಕೆಂಡಿನ ನಡುವೆ ಗಾಳಿಯ ಶಿಖರ ಬಂದಿದ್ದರೆ ಅದು ಸ್ಫೋಟ. ಊರಿನದು ಮಾತ್ರ ಎದ್ದಿದ್ದರೆ ಊರಿನದೇ ಗದ್ದಲ. ಕ್ವಾರಿಯದು ಮಾತ್ರ ಎದ್ದಿದ್ದರೆ ನಿಮಿಷವಾರು ಸಾಲಿನಲ್ಲಿ ಊರಿನ ಅಂಕಿ ನೋಡಬೇಕು. ಈ ಜರಡಿಯಿಂದ ನಮ್ಮ ವಾರದ ಕೆಲಸ ಎರಡು ದಿನದಿಂದ ಒಂದು ಗಂಟೆಗೆ ಇಳಿಯಿತು, ಯಾವ ದಾಖಲೆಯೂ ಕಳೆದುಹೋಗಲಿಲ್ಲ.

ಅಜ್ಜಿ ಡೇರಿಗೆ ಹಾಕುವ ಹಾಲಿನ ಲೆಕ್ಕವನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಲಿನ ಗೆರೆಗಳಲ್ಲಿ ಇಡುತ್ತಿದ್ದರು. ಸಂಜೆ ಸದ್ದಾದ ದಿನ ಆ ಸಾಲಿನ ಕೆಳಗೆ ಒಂದು ಅಡ್ಡಗೆರೆ ಎಳೆಯಲು ಸಾಧ್ಯವೇ ಎಂದು ಕೇಳಿಕೊಂಡೆ. ಮುಂದಿನ ಎರಡು ವಾರದಲ್ಲಿ ಒಂಬತ್ತು ಅಡ್ಡಗೆರೆಗಳಾದವು. ನಮ್ಮ ದಾಖಲೆಯಲ್ಲಿ ಅವುಗಳ ಪೈಕಿ ಏಳಕ್ಕೆ ‘ಪಾಪ್’ ಸಿಕ್ಕಿತು. ಇನ್ನೆರಡು ದಿನ ಆ ಹೊತ್ತಿಗೆ ಮೈಕ್ರೊಫೋನಿನಲ್ಲಿ ಇದ್ದದ್ದು ಉದ್ದನೆಯ ಗುಡುಗು.

ವರದಿಯ ತಿರುಳನ್ನು ಎರಡು ಮಾತಿನಲ್ಲಿ ಹೇಳಬಹುದು. ಮಧ್ಯಾಹ್ನದ ಸ್ಫೋಟಗಳಲ್ಲಿ ಊರಿನ ಮನೆಯ ಬುಡದಲ್ಲಿ ದಾಖಲಾದ ಅತಿ ಹೆಚ್ಚಿನ ಕಂಪನ ಸೆಕೆಂಡಿಗೆ 1.3 ಮಿಲಿಮೀಟರ್, ಆವರ್ತನ 22 ಹರ್ಟ್ಸ್. ಆ ಆವರ್ತನಕ್ಕೆ ಸುತ್ತೋಲೆಯ ಮಿತಿ 10. ಸಂಜೆಯ ಸದ್ದುಗಳಲ್ಲಿ ನೆಲದ ಕಂಪನ ಇನ್ನೂ ಕಡಿಮೆ, ಗಾಳಿಯ ಒತ್ತಡ 128 ಡೆಸಿಬೆಲ್‌ವರೆಗೆ. ಅಮೆರಿಕದ ಮೇಲ್ಮೈ ಗಣಿ ನಿಯಮಗಳಲ್ಲಿ, ನಾವು ಬಳಸಿದಂಥ 2 ಹರ್ಟ್ಸ್‌ನಿಂದ ಆಲಿಸುವ ಮೈಕ್ರೊಫೋನಿಗೆ ಇರುವ 133ರ ಮಿತಿಯನ್ನು ಅದೂ ದಾಟಿರಲಿಲ್ಲ. ಕಿಟಕಿಯ ಬಾಗಿಲು ಬಡಿಯಲು, ಪಾತ್ರೆ ಝಣಗುಟ್ಟಲು, ಮನೆಯೇ ಅಲುಗಿತೆಂದು ಒಳಗಿದ್ದವರಿಗೆ ಅನಿಸಲು ಅಷ್ಟು ಧಾರಾಳ ಸಾಕು. ಊರಿನವರು ಹೇಳಿದ್ದು ಸುಳ್ಳಾಗಿರಲಿಲ್ಲ, ಅದು ನೆಲದಿಂದ ಬಂದಿರಲಿಲ್ಲ ಅಷ್ಟೇ. ಮತ್ತು ಅದು ಅನುಮತಿಯ ಹೊತ್ತಿನದಾಗಿರಲಿಲ್ಲ ಎಂಬುದನ್ನು ವರದಿ ಅಂಕಿಗಳಿಗಿಂತ ಮೊದಲು ಹೇಳಿತು.

ಐದನೆಯ ವಾರದ ಕೊನೆಗೆ ಕ್ವಾರಿಯವರು ‘ಪಾಪ್’ ನಿಲ್ಲಿಸಿ, ದೊಡ್ಡ ಬಂಡೆಗಳನ್ನು ಒಡೆಯಲು ಬ್ರೇಕರ್ ತಂದರು. ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಅದು ಒಂದೇ ಸಮನೆ ಕುಟ್ಟುತ್ತಿದ್ದುದರಿಂದ 90 ಮೀಟರಿನಲ್ಲಿದ್ದ ಮೊದಲ ಮಾಪಕ ಮೊದಲ ದಿನವೇ ನೂರಾರು ಘಟನೆಗಳನ್ನು ತುಂಬಿಕೊಂಡಿತು. ಊರಿನ ಮಾಪಕದ ನಿಮಿಷವಾರು ಸಾಲುಗಳಲ್ಲಿ ಬ್ರೇಕರ್ ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಊರಿನದನ್ನು ಮುಟ್ಟದೆ, ಕ್ವಾರಿಯ ಮಾಪಕದ ನೆಲದ ಮಟ್ಟವನ್ನು ಮಾತ್ರ ಏರಿಸಿದೆವು. ಆ ಬದಲಾವಣೆ ಮಾಡಿದ್ದು ಒಂದು ಬುಧವಾರ ಬೆಳಿಗ್ಗೆ 10:41ಕ್ಕೆ, ಮಾಪಕ ಮತ್ತೆ ಕೇಳತೊಡಗಿದ್ದು 10:43ಕ್ಕೆ. ಮಾಪಕಗಳು ಕಿವುಡಾಗಿದ್ದ ಹೊತ್ತುಗಳಿಗೆಂದೇ ವರದಿಯ ಕೊನೆಗೆ ಸೇರಿಸಿದ ಪಟ್ಟಿಯಲ್ಲಿ, ಎರಡನೆಯ ವಾರದ ಕಳೆದುಹೋದ ಸ್ಫೋಟದ ಕೆಳಗೆ, ಅದನ್ನೂ ಬರೆದೆವು.